ಹಕ್ಕಿಯದಲ್ಲದ ಪುಕ್ಕ

ಆ ಪುಕ್ಕವನ್ನು ವಾರ್ಸಿನಿ ಮೊದಲ ಸಲ ಕಂಡದ್ದು ಬಿಳಿ ತಟ್ಟೆಯ ನೀರಿನ ಮೇಲೆ, ಒಂದು ಮಂಗಳವಾರ ಬೆಳಿಗ್ಗೆ. ಸಣ್ಣದು, ತುದಿ ಕೊಂಕಿದ್ದು, ಕಪ್ಪು. ಚಿಮಟ ಇಟ್ಟಳು, ಜಾರಿತು. ಮತ್ತೆ ಇಟ್ಟಳು, ಎಡಕ್ಕೆ ಸರಿಯಿತು. ಮೂವತ್ತೊಂದು ವರ್ಷ ಪುಕ್ಕ ಹೆಕ್ಕಿದ ಕೈ ಅದು, ಒಂದು ಎಳೆಗೆ ಎರಡು ಸಲ ಚಿಮಟ ಇಟ್ಟು ಅಭ್ಯಾಸವೇ ಇರಲಿಲ್ಲ. ಐದನೇ ಸಲಕ್ಕೆ ಎದುರು ಮೇಜಿನ ಹೆಂಗಸರು ನಗಲು ಶುರುಮಾಡಿದರು. ಆರನೇ ಸಲಕ್ಕೆ ಅವಳು ತಟ್ಟೆಯಿಂದ ತಲೆ ಎತ್ತಿ ಗೋಡೆ ನೋಡಿದಳು. ಪುಕ್ಕ ಗೋಡೆಯ ಮೇಲೂ ಇತ್ತು.

ನಮ್ಮೂರು ಸಿದಾಯುವಿನಲ್ಲಿ ಮನೆಗಳಿಗಿಂತ ಎತ್ತರದ ಕಟ್ಟಡಗಳೆಲ್ಲ ಹಕ್ಕಿಗಳವು. ಕಿಟಕಿ ಇಲ್ಲದ ಸಿಮೆಂಟಿನ ಗೋಡೆ, ನೆತ್ತಿಯಲ್ಲಿ ಒಂದು ಕಂಡಿ, ಹಕ್ಕಿಗಳನ್ನು ಕರೆಯಲು ದಿನವಿಡೀ ಚಿಲಿಪಿಲಿ ಹಾಕುವ ಸ್ಪೀಕರು. ಗುಬ್ಬಿಗಿಂತ ಚಿಕ್ಕದಾದ ಆ ಕಪ್ಪು ಹಕ್ಕಿಗಳು ಒಳಗೆ ತಮ್ಮ ಜೊಲ್ಲಿನಿಂದಲೇ ಗೂಡು ಕಟ್ಟುತ್ತವೆ. ಆ ಗೂಡನ್ನು ಚೀನಾದವರು ಸೂಪು ಮಾಡಿ ಕುಡಿಯುತ್ತಾರೆ. ಅವರು ಕುಡಿಯುವ ಮುಂಚೆ ಅದರೊಳಗಿನ ಪುಕ್ಕವನ್ನೆಲ್ಲ ಯಾರಾದರೂ ಹೆಕ್ಕಬೇಕಲ್ಲ, ಆ ಯಾರಾದರೂ ಎಂದರೆ ನಮ್ಮೂರ ಹೆಂಗಸರು. ಗೂಡನ್ನು ನೀರಲ್ಲಿ ನೆನೆಸಿ, ಎಳೆ ಬಿಡಿಸಿ, ಬೆಳಕಿಗೆ ಹಿಡಿದು, ಒಂದೊಂದೇ ಪುಕ್ಕ ಕಿತ್ತು, ಮತ್ತೆ ಗೂಡಿನ ಆಕಾರಕ್ಕೆ ತಂದು ಒಣಗಿಸಬೇಕು. ಕಣ್ಣಿದ್ದವರಿಗಷ್ಟೇ ಆಗುವ ಕೆಲಸ. ವಾರ್ಸಿನಿಯ ತಂಗಿ ತುಮಿನಾಗೆ ಒಂದೇ ಕಣ್ಣು ಇದ್ದದ್ದು, ಎಡಗಣ್ಣು ಚಿಕ್ಕಂದಿನಲ್ಲೇ ದಡಾರದಲ್ಲಿ ಹೋಗಿತ್ತು. ಉಳಿದ ಬಲಗಣ್ಣಿಗೆ ಸೀಸೆಯ ತಳದಷ್ಟು ದಪ್ಪದ ಕನ್ನಡಕ. ಆದರೂ ಆ ಮೇಜಿನಲ್ಲಿ ಅವಳಷ್ಟು ಚೊಕ್ಕಟವಾಗಿ ಹೆಕ್ಕುವವರು ಇರಲಿಲ್ಲ. ಗೂಡನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯುತ್ತಿದ್ದಳು. ವಾಸನೆ ನೋಡಿ ಕೀಳ್ತಾಳೆ ಎಂದು ಉಳಿದವರು ರೇಗಿಸುತ್ತಿದ್ದರು.

ಮಂಗಳವಾರದ ಪುಕ್ಕ ಗುರುವಾರದ ಹೊತ್ತಿಗೆ ನಾಲ್ಕಾಯಿತು, ಜೊತೆಗೊಂದು ಜೇಡರ ಬಲೆಯಂಥದ್ದು. ಕತ್ತಲಲ್ಲಿ ತಲೆ ತಿರುಗಿಸಿದರೆ ಕಣ್ಣಿನ ಅಂಚಿನಲ್ಲಿ ಯಾರೋ ಬೆಂಕಿಕಡ್ಡಿ ಗೀರಿದ ಹಾಗೆ ಬೆಳಕು. ಗಂಡ ಸತ್ತು ಒಂಬತ್ತು ವರ್ಷವಾಗಿದ್ದ ವಾರ್ಸಿನಿಗೆ ಮೊದಲು ಅನ್ನಿಸಿದ್ದು, ಅವನೇ ಬಂದು ಸಿಗರೇಟು ಹಚ್ಚುತ್ತಿದ್ದಾನೆ ಎಂದು. ತುಮಿನಾ ಕೇಳಿ ಬೈದಳು. ಸತ್ತಮೇಲೂ ಸಿಗರೇಟು ಬಿಡದಿದ್ದರೆ ಭಾವನಿಗೆ ಸ್ವರ್ಗದಲ್ಲಿ ಯಾರು ಜಾಗ ಕೊಡ್ತಾರೆ, ನಡಿ ಆಸ್ಪತ್ರೆಗೆ ಎಂದು ಅರ್ಧ ದಿನದ ರಜೆ ಹಾಕಿ ತಾನೇ ಎಳೆದುಕೊಂಡು ಹೋದಳು. ಈ ಮಾತು ನೆನಪಿರಲಿ. ಅಕ್ಕನನ್ನು ತಂಗಿ ಎರಡೇ ದಿನದಲ್ಲಿ ಡಾಕ್ಟರ ಮುಂದೆ ಕೂರಿಸಿದ್ದಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಣ್ಣಿಗೆ ಹನಿ ಹಾಕಿ, ಪಾಪೆ ಅರಳಿಸಿ, ತುಂಬ ಹೊತ್ತು ನೋಡಿದರು. ಕಣ್ಣಿನೊಳಗೆ ಒಂದು ಲೋಳೆ ಇರುತ್ತೆ, ವಯಸ್ಸಾದ ಹಾಗೆ ಅದು ಕುಗ್ಗಿ ಹಿಂದಿನ ಪರದೆಯಿಂದ ಬಿಟ್ಟುಕೊಳ್ಳುತ್ತೆ, ಅದರ ಚೂರುಗಳ ನೆರಳೇ ಈ ಪುಕ್ಕ, ಅದು ಪರದೆಯನ್ನು ಜಗ್ಗಿದಾಗ ಬೆಳಕು ಎಂದು ವಿವರಿಸಿದರು. ನಿಮ್ಮ ಪರದೆ ಹರಿದಿಲ್ಲ, ಅದೃಷ್ಟ, ಔಷಧಿ ಬೇಡ, ಆದರೆ ಪುಕ್ಕ ಪೂರ್ತಿ ಹೋಗುವುದೂ ಅನುಮಾನ, ಅದರ ಜೊತೆಗೇ ಬದುಕುವುದನ್ನು ಕಲಿಯಿರಿ ಎಂದರು. ಆಮೇಲೆ ಒಂದು ಹಾಳೆ ಕೊಟ್ಟು, ಇದನ್ನು ಓದಿ, ಮನೆಯವರಿಗೂ ಓದಿಸಿ ಎಂದರು. ಡಾಕ್ಟರು ಹೇಳಿದ್ದರಲ್ಲಿ ತಮಗೆ ಹಿತವಾದಷ್ಟನ್ನು ಕಿವಿಗೆ ಹಾಕಿಕೊಂಡು ಉಳಿದದ್ದನ್ನು ಅಲ್ಲೇ ಬೆಂಚಿನ ಮೇಲೆ ಬಿಟ್ಟು ಬರುವುದು ನಮ್ಮೂರಿನವರ ಹಳೆಯ ಚಾಳಿ. ವಾರ್ಸಿನಿ ಮಾತ್ರ ಹಾಗೆ ಮಾಡಲಿಲ್ಲ. ಮನೆಗೆ ಬಂದು ಹಾಳೆಯನ್ನು ಮೊದಲಿಂದ ಕೊನೆಯವರೆಗೆ ಓದಿದಳು, ನಾಲ್ಕು ಮಡಿಕೆ ಮಾಡಿ ಬಿಸ್ಕತ್ತಿನ ಡಬ್ಬಿಯಲ್ಲಿ ಮನೆ ಕಾಗದಗಳ ಕೆಳಗೆ ಇಟ್ಟಳು. ಓದಿರದಿದ್ದರೆ ಈ ಕಥೆಗೆ ಇಷ್ಟು ಸಂಕಟ ಇರುತ್ತಿರಲಿಲ್ಲ.

ಜೊತೆಗೆ ಬದುಕುವುದು ಎಂದರೆ ಏನೆಂದು ಆಮೇಲೆ ತಿಳಿಯಿತು. ಅನ್ನದಲ್ಲಿ ಹುಳ ಕಂಡಂತಾಗಿ ತಟ್ಟೆ ತಳ್ಳುವುದು. ಪ್ರಾರ್ಥನೆಯ ಬಿಳಿ ಬಟ್ಟೆ ಮೈಮೇಲೆ ಹಾಕಿಕೊಂಡು ಬಗ್ಗಿದರೆ ಚಾಪೆಯ ಮೇಲೆ ಇರುವೆ ಸಾಲು. ಇಲ್ಲದ ನೊಣವನ್ನು ಓಡಿಸಿ ಓಡಿಸಿ ಕೈ ಸೋಲುವುದು. ಬೇರೆ ಕೆಲಸದವರಾದರೆ ಹೇಗೋ ಮರೆಯುತ್ತಿದ್ದರೇನೋ, ಇವಳಿಗೆ ಬೆಳಗಿನಿಂದ ಸಂಜೆಯ ತನಕ ಬಿಳಿ ತಟ್ಟೆ, ಬಿಳಿ ದೀಪ, ಹುಡುಕಬೇಕಾದದ್ದು ಕಪ್ಪು ಎಳೆ. ಮೊದಲ ತಿಂಗಳು ಇಲ್ಲದ ಪುಕ್ಕಕ್ಕೆ ಚಿಮಟ ಇಟ್ಟು ಗೂಡು ಹರಿದಳು. ಎರಡನೇ ತಿಂಗಳು ಇದೆಲ್ಲ ನನ್ನ ಕಣ್ಣಿನದೇ ಎಂದುಕೊಂಡು ನಿಜವಾದ ಪುಕ್ಕಗಳನ್ನೇ ಬಿಟ್ಟಳು. ಟ್ರೇ ಟ್ರೇಗಳು ವಾಪಸು ಬಂದವು. ಮೇಲ್ವಿಚಾರಕಿ ಮುರ್ಯಾತಿ ಕೆಟ್ಟ ಹೆಂಗಸಲ್ಲ, ಆದರೂ ಇನ್ನು ನಾಲ್ಕು ಟ್ರೇ ಹೀಗೇ ಬಂದರೆ ನಿಮ್ಮನ್ನು ಗೂಡು ತೊಳೆಯೋ ಕಡೆಗೆ ಹಾಕ್ತೀನಿ ಎಂದು ಎಲ್ಲರೆದುರೇ ಹೇಳಿದಳು. ತೊಳೆಯುವ ಕಡೆಗೆ ಹೋಗುವವರು ಹೊಸಬರು. ಐವತ್ತೆಂಟರ ವಾರ್ಸಿನಿಗೆ ಆ ಮಾತು ಕಪಾಳಕ್ಕೆ ಹೊಡೆದಂತಾಯಿತು.

ದಾರಿ ಹುಡುಕಿಕೊಟ್ಟವಳು ತುಮಿನಾ. ಇದ್ದ ಒಂದೇ ಕಣ್ಣಿನಲ್ಲಿ ಅವಳು ತನ್ನ ಟ್ರೇ ಮುಗಿಸಿ, ಮುರ್ಯಾತಿಯ ಬೆನ್ನು ತಿರುಗಿದಾಗ ಅಕ್ಕನ ಗೂಡುಗಳನ್ನು ಎಳೆದುಕೊಂಡು ಮತ್ತೊಮ್ಮೆ ನೋಡಿ ಕೊಡತೊಡಗಿದಳು. ಒಂದು ಉಪಾಯವನ್ನೂ ಹೇಳಿಕೊಟ್ಟಳು.

"ಕಣ್ಣು ಆ ಕಡೆ ಈ ಕಡೆ ಆಡ್ಸಕ್ಕ. ಜೊತೇಲೇ ಅದೂ ಆಡಿದ್ರೆ ನಿಂದು. ಆಡ್ದೆ ಇದ್ರೆ ಹಕ್ಕೀದು."

ಅದು ಸುಮಾರಾಗಿ ಫಲಿಸಿತು. ಆಡಿದರೆ ನಂದು, ಆಡದಿದ್ದರೆ ಹಕ್ಕೀದು ಎಂದು ಗುನುಗಿಕೊಂಡೇ ವಾರ್ಸಿನಿ ಹೆಕ್ಕುತ್ತಿದ್ದಳು. ಉಳಿದದ್ದನ್ನು ತಂಗಿಯ ಕಣ್ಣು ಹಿಡಿಯುತ್ತಿತ್ತು. ಟ್ರೇ ವಾಪಸು ಬರುವುದು ನಿಂತಿತು. ಹೀಗೆ ಒಂದು ವರ್ಷಕ್ಕೂ ಹೆಚ್ಚು ನಡೆಯಿತು.

ಚೀನೀ ಹೊಸ ವರ್ಷಕ್ಕೆ ಇಪ್ಪತ್ತು ದಿನವಿತ್ತು. ವರ್ಷದಲ್ಲೇ ಹೆಚ್ಚು ಗೂಡು ಹೋಗುವ ಕಾಲ, ರಜೆ ಎಂಬ ಮಾತೆತ್ತಿದರೆ ಮುರ್ಯಾತಿ ಮುಖ ನೋಡುತ್ತಿರಲಿಲ್ಲ. ಅಂಥ ಒಂದು ಸಂಜೆ, ಮೀನುಕೆರೆಗಳ ನಡುವಿನ ಏರಿಯ ಮೇಲೆ ಅಕ್ಕತಂಗಿ ಮನೆಗೆ ನಡೆದು ಬರುತ್ತಿದ್ದರು. ತುಮಿನಾ ನಿಂತು ಕನ್ನಡಕ ತೆಗೆದು ತಲೆವಸ್ತ್ರದಲ್ಲಿ ಒರೆಸಿಕೊಂಡಳು. ಮತ್ತೆ ಹಾಕಿಕೊಂಡಳು, ಮತ್ತೆ ಒರೆಸಿದಳು.

"ಅಕ್ಕ, ಮಧ್ಯಾಹ್ನದಿಂದ ನಂಗೂ ಬೆಂಕಿಕಡ್ಡಿ ಗೀರ್ತಿದಾರೆ ಕಣೆ. ಒಲೆ ಊದಿದ್ರೆ ಮಸಿ ಹಾರುತ್ತಲ್ಲ, ಹಂಗೆ ಉದುರ್ತಾನೂ ಇದೆ."

ಡಬ್ಬಿಯೊಳಗಿನ ಹಾಳೆ ಅಕ್ಷರ ಸಮೇತ ವಾರ್ಸಿನಿಯ ಕಣ್ಣ ಮುಂದೆ ಬಂತು. ಬಂದದ್ದು ಬಂದ ಹಾಗೆಯೇ ಮುರ್ಯಾತಿಯ ಮುಖವೂ ಬಂತು. ನಾಳೆಗೆ ಕಾದಿದ್ದ ಹನ್ನೊಂದು ಟ್ರೇಗಳು ಬಂದವು. ತುಮಿನಾ ಆಸ್ಪತ್ರೆ ಸೇರಿದರೆ ಈ ಟ್ರೇಗಳನ್ನು ಯಾರು ನೋಡಿಕೊಡುತ್ತಾರೆ ಎಂಬುದೂ ಬಂತು. ಇಷ್ಟೆಲ್ಲ ಬಂದುಹೋಗಲು ಒಂದು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ.

"ಅದೇ ಕಣೆ, ನಂದೇ ನಿಂಗೂ ಬಂದಿದೆ. ಏನೂ ಆಗಲ್ಲ. ಡಾಕ್ಟ್ರೇ ಹೇಳಿಲ್ವಾ, ಜೊತೇಲಿ ಬದುಕ್ಬೇಕು ಅಂತ," ಎಂದಳು.

ತುಮಿನಾ ನಕ್ಕೇಬಿಟ್ಟಳು. ಅವಳ ಮುಖದ ಬಿಗಿ ಅಷ್ಟೂ ಸಡಿಲಾಯಿತು. ಅಮ್ಮನ ಕಿವಿಯೋಲೆ ನಿಂಗೆ ಹೋಯ್ತು, ಕಾಯಿಲೆಯಾದ್ರೂ ಇಬ್ಬರಿಗೂ ಸಮ ಬಂತಲ್ಲ ಎಂದಳು. ವಾರ್ಸಿನಿಯೂ ನಕ್ಕಳು. ಹೊಸ ವರ್ಷದ ಗಡಿಬಿಡಿ ಮುಗಿದ ಮಾರನೇ ದಿನವೇ ಇವಳನ್ನು ಕರೆದುಕೊಂಡು ಹೋಗುತ್ತೇನೆ ಎಂದು ಮನಸ್ಸಿನಲ್ಲೇ ಆಣೆ ಮಾಡಿಕೊಂಡಳು. ಅದು ಸುಳ್ಳು ಆಣೆಯೇನಲ್ಲ. ಅವಳು ನಿಜವಾಗಿಯೂ ಕರೆದುಕೊಂಡು ಹೋಗುತ್ತಿದ್ದಳು, ಅದಂತೂ ನನಗೆ ಗೊತ್ತು.

ಮುಂದಿನ ಐದು ದಿನ ತುಮಿನಾ ಆಡಿದರೆ ನಂದು, ಆಡದಿದ್ದರೆ ಹಕ್ಕೀದು ಎಂದು ಹಾಡಿನ ಹಾಗೆ ಹೇಳಿಕೊಂಡು ಎರಡು ಪಾಲಿನ ಕೆಲಸ ಮಾಡಿದಳು. ಐದು ದಿನವೂ ವಾರ್ಸಿನಿ ಪಕ್ಕದಲ್ಲೇ ಕೂತಿದ್ದಳು. ದಿನಕ್ಕೆರಡು ಸಲ ಹೇಗಿದೆಯೇ ಎಂದು ಕೇಳುತ್ತಿದ್ದಳು. ನಿಂದು ಹೇಗಿದೆಯೋ ಹಾಗೇ ಎಂಬ ಉತ್ತರ ಬಂದರೆ ಅದನ್ನು ತುಂಡು ಬೆಲ್ಲದ ಹಾಗೆ ಬಾಯಲ್ಲಿಟ್ಟುಕೊಂಡು ಸುಮ್ಮನಾಗುತ್ತಿದ್ದಳು.

ಆರನೇ ದಿನ ಮಧ್ಯಾಹ್ನ ತುಮಿನಾ ಕೈಯಲ್ಲಿದ್ದ ಗೂಡನ್ನು ತಟ್ಟೆಯ ಹೊರಗೆ ಇಟ್ಟಳು. ಮೇಜನ್ನು ಕೈಯಿಂದ ತಡಕಿದಳು. ಯಾರಿಗೂ ಕೇಳಿಸದಷ್ಟು ಮೆಲ್ಲಗೆ, "ಅಕ್ಕ, ತಟ್ಟೆ ಅರ್ಧಾನೇ ಇದೆ. ಕೆಳಗಿಂದ ಕತ್ತಲೆ ಏರ್ತಿದೆ, ಕೆರೆಗೆ ನೀರು ಬಿಟ್ಟಂಗೆ," ಎಂದಳು.

ಆಮೇಲಿನದೆಲ್ಲ ಓಟ. ತುಮಿನಾಳ ಗಂಡ ಸುಗಿಯಾನ್ ಕೆರೆಯಿಂದ ಕೆಸರುಗಾಲಲ್ಲೇ ಬಂದ. ಯಾರದೋ ವ್ಯಾನು ಸಿಕ್ಕಿತು. ಊರ ಆಸ್ಪತ್ರೆಯವರು ನೋಡಿ ಸುರಬಾಯಾದ ದೊಡ್ಡಾಸ್ಪತ್ರೆಗೆ ಕಳಿಸಿದರು. ಪರದೆ ಹರಿದು ಗೋಡೆ ಬಿಟ್ಟು ಕಳಚಿಬಿದ್ದಿತ್ತು, ನಡುಭಾಗವೂ ಸೇರಿ. ಎರಡು ಸಲ ಆಪರೇಷನ್ ಮಾಡಿದರು, ಒಳಗೆ ಎಣ್ಣೆ ತುಂಬಿದರು, ಬೋರಲು ಮಲಗಿಸಿದರು. ಪರದೆ ಕೂಡಲಿಲ್ಲ. ವಯಸ್ಸಾದ ಡಾಕ್ಟರೊಬ್ಬರು ಮಿಂಚು ಯಾವತ್ತು ಶುರುವಾಯಿತಮ್ಮ ಎಂದು ಕೇಳಿದರು. ತುಮಿನಾ ದಿನ ಹೇಳಿದಳು. ಅವತ್ತೇ ಬಂದಿದ್ದರೆ ಉಳಿಸಬಹುದಿತ್ತೇನೋ, ಯಾಕೆ ಕಾದಿರಿ ಎಂದು ಅವರು ಕೇಳಿದರು. ಗದರಿಸಲಿಲ್ಲ, ದುಃಖದಿಂದಲೇ ಕೇಳಿದರು.

"ಗೊತ್ತಾಗ್ಲಿಲ್ಲ ಡಾಕ್ಟ್ರೇ. ನಾವು ಹಳ್ಳಿಯವ್ರು," ಎಂದಳು ತುಮಿನಾ.

ಅಕ್ಕ ಹೇಳಿದ್ದಳು ಎಂದು ಅವಳು ಹೇಳಲಿಲ್ಲ. ಮಂಚದ ಪಕ್ಕದಲ್ಲೇ ವಾರ್ಸಿನಿ ನಿಂತಿದ್ದಳು. ತಂಗಿ ತನ್ನ ಮಾನ ಉಳಿಸಲು ಪೆದ್ದಿಯ ವೇಷ ಹಾಕಿದ್ದು ಅವಳಿಗೆ ಗೊತ್ತಾಯಿತು. ಭೂಮಿ ಬಾಯಿ ಬಿಟ್ಟಿದ್ದರೆ ಆ ಕ್ಷಣವೇ ಇಳಿದುಹೋಗುತ್ತಿದ್ದಳು. ಭೂಮಿ ಬಾಯಿ ಬಿಡಲಿಲ್ಲ, ಅವಳೂ ಬಿಡಲಿಲ್ಲ.

ಉಪವಾಸದ ತಿಂಗಳು ಬಂತು. ವಾರ್ಸಿನಿ ಕೇಳಿಕೊಂಡೇ ತೊಳೆಯುವ ಕಡೆಗೆ ಹೋದಳು, ಮುರ್ಯಾತಿಗೆ ಆಶ್ಚರ್ಯವಾಯಿತು. ದಿನವೂ ಸಂಜೆ ಉಪವಾಸ ಬಿಡುವ ಹೊತ್ತಿಗೆ ಅಂಗಳ ದಾಟಿ ಹೋಗಿ ತಂಗಿಯ ಕೈಗೆ ಖರ್ಜೂರ ಇಡುತ್ತಿದ್ದಳು, ಲೋಟ ಹಿಡಿಸುತ್ತಿದ್ದಳು. ತುಮಿನಾಗೆ ಈಗ ಬೆಳಕು ಕತ್ತಲೆ ಎಂಬಷ್ಟು ಗೊತ್ತಾಗುತ್ತಿತ್ತು, ಅಷ್ಟೇ. ಕೆಲವೊಮ್ಮೆ ಬೈಯುತ್ತಿದ್ದಳು. ಉಪ್ಪಿನ ಡಬ್ಬಿ ಸರಿಸಿದ್ದು ಯಾರು, ನಾನೇನು ಕೂಸಾ ಎಂದು ಲೋಟ ತಳ್ಳುತ್ತಿದ್ದಳು. ಬೈಸಿಕೊಂಡ ದಿನ ವಾರ್ಸಿನಿಗೆ ಒಂದಿಷ್ಟು ನಿದ್ದೆ ಬರುತ್ತಿತ್ತು.

ಒಂದು ಸಂಜೆ ತುಮಿನಾ ಕೇಳಿದಳು. "ನಿಂಗಿನ್ನೂ ಬರುತ್ತಾ ಅಕ್ಕ, ಪುಕ್ಕ?"

ಬರುತ್ತೆ ಎಂದಳು ವಾರ್ಸಿನಿ.

"ಎಷ್ಟಿದಾವೆ?"

"ಏಳೆಂಟು."

"ನಂಗೆ ಒಂದೂ ಇಲ್ಲ ಕಣೆ. ಒಂದೇ ಒಂದು ಕಂಡ್ರೂ ಸಾಕಿತ್ತು," ಎಂದು ತುಮಿನಾ ಖರ್ಜೂರದ ಬೀಜವನ್ನು ಬೆರಳಲ್ಲಿ ತಿರುಗಿಸುತ್ತ ಕೂತಳು.

ವಾರ್ಸಿನಿ ಅಂದಿನಿಂದ ತನ್ನ ಕಣ್ಣಿನ ಬಗ್ಗೆ ಯಾರ ಹತ್ತಿರವೂ ಮಾತಾಡಲಿಲ್ಲ. ದೀಪ ಆರಿಸಿ ಮಗ್ಗುಲಾದರೆ ಅಂಚಿನಲ್ಲಿ ಬೆಂಕಿಕಡ್ಡಿ ಗೀರುತ್ತಿತ್ತು. ಗೀರಿದಾಗಲೆಲ್ಲ ಆ ಏರಿ, ಆ ಸಂಜೆ, ಕನ್ನಡಕ ಒರೆಸುತ್ತ ನಿಂತ ತುಮಿನಾ ಒಂದು ಕ್ಷಣ ಕಾಣುತ್ತಿದ್ದಳು. ಡಾಕ್ಟರು ಹೇಳಿದ್ದರು, ಮೆದುಳು ಕ್ರಮೇಣ ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು. ಅವಳ ಮೆದುಳು ಅದನ್ನು ಕಲಿಯಲೇ ಇಲ್ಲ.

ಈದ್‌ನ ಬೆಳಿಗ್ಗೆ ನಮ್ಮಲ್ಲಿ ಒಂದು ಪದ್ಧತಿ. ಪ್ರಾರ್ಥನೆ ಮುಗಿಸಿ ಬಂದಮೇಲೆ ಕಿರಿಯರು ಹಿರಿಯರ ಮುಂದೆ ಮಂಡಿಯೂರಿ, ಅವರ ಮೊಣಕಾಲಿಗೆ ಹಣೆ ಹಚ್ಚಿ, ಒಳಗಿನದೂ ಹೊರಗಿನದೂ ನನ್ನ ತಪ್ಪೆಲ್ಲ ಹೊಟ್ಟೆಗೆ ಹಾಕ್ಕೊಳ್ಳಿ ಎಂದು ಬೇಡಬೇಕು. ಹಿರಿಯರು ತಲೆಯ ಮೇಲೆ ಕೈಯಿಟ್ಟು ಹಾಕ್ಕೊಂಡೆ, ನನ್ನದೂ ಹಾಕ್ಕೋ ಎನ್ನಬೇಕು. ಯಾವ ತಪ್ಪು ಎಂದು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ಈ ಅನುಕೂಲ ಇಲ್ಲದಿದ್ದರೆ ನಮ್ಮೂರಲ್ಲಿ ಎಷ್ಟೋ ಮನೆಗಳು ಎಂದೋ ಒಡೆದುಹೋಗುತ್ತಿದ್ದವು. ವಾರ್ಸಿನಿ ತಿಂಗಳಿಡೀ ಈ ಬೆಳಗನ್ನು ಕಾದಿದ್ದಳು. ತಂಗಿ ರೂಢಿಯಂತೆ ಬರುತ್ತಾಳೆ, ರೂಢಿಯ ಮಾತಾಡುತ್ತಾಳೆ, ನನ್ನದೂ ಹಾಕ್ಕೋ ಎಂದರೆ ಹೂಂ ಎನ್ನುತ್ತಾಳೆ. ತಪ್ಪಿನ ಹೆಸರು ಹೇಳದೆಯೇ ತನಗೆ ಕ್ಷಮೆ ಸಿಕ್ಕಿಬಿಡುತ್ತದೆ. ಹಾಗೆಂದು ಅವಳು ಹಿಂದಿನ ದಿನ ಎಳೆ ತೆಂಗಿನಗರಿ ಹೆಣೆದು ಅಕ್ಕಿ ತುಂಬಿ ಕೆತುಪತ್ ಬೇಯಿಸಿದ್ದಳು, ತುಮಿನಾಗೆ ಇಷ್ಟವೆಂದು ತೆಂಗಿನಹಾಲಿನ ಕೋಳಿ ಸಾರು ಮಾಡಿದ್ದಳು.

ತುಮಿನಾ ಹೊಸ ಬಟ್ಟೆ ಉಟ್ಟು ಗಂಡನ ಹೆಗಲು ಹಿಡಿದು ಅಂಗಳ ದಾಟಿ ಬಂದಳು. ಹೊಸ್ತಿಲು ಎಡವಿದಳು. ಸುಗಿಯಾನ್ ಅವಳನ್ನು ಅಕ್ಕ ಕೂತಿದ್ದ ಕುರ್ಚಿಯ ತನಕ ತಂದು ಬಿಟ್ಟು, ಅಕ್ಕತಂಗಿ ಮಾತಾಡಲಿ ಎಂದು ಜಗಲಿಗೆ ಹೋದ. ತುಮಿನಾ ಕೈಯಲ್ಲಿ ತಡಕಿ ಅಕ್ಕನ ಪಾದ ಹುಡುಕಿಕೊಂಡಳು, ಮಂಡಿಯೂರಿದಳು, ಹಣೆ ಹಚ್ಚಿದಳು. ಅವಳು ರೂಢಿಯ ಮಾತಿಗೆ ನಿಲ್ಲಲಿಲ್ಲ.

"ಒಳಗಿನ ತಪ್ಪು ಹೇಳ್ಬಿಡ್ತೀನಿ ಅಕ್ಕ, ಇಲ್ದಿದ್ರೆ ನಂಗೆ ಹಬ್ಬ ಅನ್ಸಲ್ಲ. ಇಬ್ಬರಿಗೂ ಬಂದ ಕಾಯಿಲೆ ಒಂದೇ, ನಿನ್ನ ಕಣ್ಣು ಯಾಕೆ ಉಳೀತು ಅಂತ ಹೊಟ್ಟೆಕಿಚ್ಚು ಪಟ್ಟೆ. ದಿನಾ ಪಟ್ಟೆ. ನೀನು ಖರ್ಜೂರ ಕೊಡೋವಾಗ್ಲೂ ಪಟ್ಟೆ. ಹೊಟ್ಟೆಗೆ ಹಾಕ್ಕೊ."

ವಾರ್ಸಿನಿಯ ಕೈ ತಂಗಿಯ ತಲೆಯ ಮೇಲಿತ್ತು. ಹಾಕ್ಕೊಂಡೆ ಎಂಬ ಒಂದು ಮಾತು ಸಾಕಿತ್ತು. ತಾನು ಹಾಳು ಮಾಡಿದ ಕಣ್ಣಿನವಳು ತನ್ನ ಕಾಲ ಬಳಿ ಕೂತು ತನ್ನನ್ನೇ ಕ್ಷಮೆ ಕೇಳುತ್ತಿದ್ದಾಳೆ. ಇದನ್ನೂ ನುಂಗಿಕೊಂಡರೆ ತಾನು ಮನುಷ್ಯಳೇ ಅಲ್ಲ ಎನ್ನಿಸಿತು. ಅವಳು ಎದ್ದು ಡಬ್ಬಿ ತೆಗೆದು, ಮನೆ ಕಾಗದಗಳ ಕೆಳಗಿನಿಂದ ಹಾಳೆ ಎಳೆದು, ಬಂದು ಕೂತಳು. ನನ್ನ ಡಾಕ್ಟ್ರು ಕೊಟ್ಟಿದ್ದು ಎಂದಷ್ಟೇ ಹೇಳಿ ಓದಿದಳು. ಪುಕ್ಕಗಳು ಅವಳಿಗೂ ಅಕ್ಷರಗಳಿಗೂ ನಡುವೆ ಅಡ್ಡಾಡುತ್ತಿದ್ದವು, ಅದಕ್ಕೇ ನಿಧಾನವಾಗಿ ಓದಬೇಕಾಯಿತು. ಯಾರಿಗೇ ಆಗಲಿ ಮೊದಲ ಸಲ ಮಿಂಚು ಕಂಡರೆ, ಮಸಿ ಉದುರಿದಂತಾದರೆ, ಅದೇ ದಿನ ಕಣ್ಣು ತೋರಿಸಬೇಕು. ಒಬ್ಬರಿಗೆ ಅಪಾಯವಿಲ್ಲದ್ದು ಇನ್ನೊಬ್ಬರ ಕಣ್ಣು ತೆಗೆಯಬಹುದು. ದಪ್ಪ ಕನ್ನಡಕದವರು ಒಂದು ದಿನವನ್ನೂ ಕಾಯಬಾರದು.

"ಇನ್ನೊಂದ್ಸಲ ಓದು," ಎಂದಳು ತುಮಿನಾ.

ವಾರ್ಸಿನಿ ಓದಿದಳು.

"ಇದನ್ನ ಯಾವಾಗ ಓದಿದ್ದೆ ನೀನು?"

"ಅವರು ಕೊಟ್ಟ ದಿನಾನೇ."

"ನಾವು ಏರಿ ಮೇಲೆ ಬರ್ತಿದ್ದಾಗ ನಿಂಗೆ ನೆನಪಿತ್ತಾ?"

"ಇತ್ತು."

"ಮತ್ತೆ?"

ಇಷ್ಟು ದಿನ ವಾರ್ಸಿನಿ ಈ ಪ್ರಶ್ನೆಗೆ ನೂರು ಉತ್ತರ ಹೊಂದಿಸಿಟ್ಟಿದ್ದಳು. ನಿನ್ನನ್ನು ಹೆದರಿಸಬಾರದು ಅಂತ, ಇಷ್ಟು ಬೇಗ ಆಗುತ್ತೆ ಅಂತ ಗೊತ್ತಿರಲಿಲ್ಲ ಅಂತ. ಬಾಯಿಗೆ ಬಂದದ್ದು ಅದ್ಯಾವುದೂ ಅಲ್ಲ.

"ನನ್ನ ಟ್ರೇ ನೋಡೋಕೆ ನೀನು ಬೇಕಾಗಿತ್ತು ಕಣೆ."

ಹೊರಗೆ ಮಸೀದಿಯ ನಗಾರಿ ಇನ್ನೂ ಬಾರಿಸುತ್ತಿದ್ದರು. ತುಮಿನಾ ಆ ಕಣ್ಣುಗಳನ್ನು ಅಕ್ಕನ ಮುಖವಿದ್ದ ಕಡೆಗೆ ಎತ್ತಿದಳು. ಸ್ವಲ್ಪ ಪಕ್ಕಕ್ಕೆ, ಕ್ಯಾಲೆಂಡರು ಇದ್ದ ಗೋಡೆಯ ಕಡೆಗೆ ನೋಡಿದ ಹಾಗಿತ್ತು. ಅಳುತ್ತಾಳೆ, ಹೊಡೆಯುತ್ತಾಳೆ, ಕೂಗುತ್ತಾಳೆ ಎಂದು ವಾರ್ಸಿನಿ ಕಾದಳು, ಹೊಡೆದಿದ್ದರೆ ಎಷ್ಟು ಚೆನ್ನಾಗಿತ್ತು. ತುಮಿನಾ ಅಕ್ಕನ ಕೈ ಹುಡುಕಿ, ಅದನ್ನು ತೆಗೆದು ಮತ್ತೆ ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ನಾನು ಕೇಳಿದ್ದಕ್ಕೆ ನೀನಿನ್ನೂ ಏನೂ ಹೇಳಿಲ್ಲ," ಎಂದಳು.

"ತುಮಿ..."

"ಹೇಳು. ನಾನು ಕೇಳಿದೀನಿ."

ವಾರ್ಸಿನಿ ಹೇಳಲೇಬೇಕಾಯಿತು. ಹಾಕ್ಕೊಂಡೆ ಎಂದಳು. ಆಮೇಲೆ ನನ್ನದೂ ಹಾಕ್ಕೋ ಎಂಬ ಮಿಕ್ಕ ಅರ್ಧವನ್ನು ಅಳುವಿನ ನಡುವೆ ಹೇಗೋ ಮುಗಿಸಿದಳು.

ತುಮಿನಾ ಅದಕ್ಕೆ ಹೂಂ ಎನ್ನಲಿಲ್ಲ. ಅಕ್ಕನ ಕೈಯನ್ನು ತಲೆಯಿಂದ ಇಳಿಸಿ ಅವಳದೇ ಮಡಿಲಲ್ಲಿಟ್ಟಳು. ಕುರ್ಚಿ ಹಿಡಿದು ಎದ್ದು ಗಂಡನನ್ನು ಕೂಗಿದಳು. ಸುಗಿಯಾನ್ ಒಳಗೆ ಬಂದು ಇನ್ನೂ ಊಟ ಮಾಡಿಲ್ವಲ್ಲೇ ಎಂದ. ಹಸಿವಿಲ್ಲ, ಮನೆಗೆ ಹೋಗೋಣ ಎಂದಳು. ಅಕ್ಕನ ಅಳು ಅವನಿಗೂ ಕಂಡಿತು, ಹಬ್ಬದ ಅಳು ಎಂದುಕೊಂಡನೇನೋ, ಹೆಂಡತಿಗೆ ಹೆಗಲು ಕೊಟ್ಟ. ಹೊಸ್ತಿಲನ್ನು ತುಮಿನಾ ಈ ಸಲ ಎಡವಲಿಲ್ಲ, ಕಾಲೆತ್ತಿ ದಾಟಿದಳು.

ವಾರ್ಸಿನಿ ಬಾಗಿಲಿಗೆ ಬಂದು ನಿಂತಳು. ಬಿಸಿಲು ಬಿದ್ದ ಬಿಳಿ ಅಂಗಳದಲ್ಲಿ ಗಂಡಹೆಂಡತಿ ನಿಧಾನವಾಗಿ ಹೋಗುತ್ತಿದ್ದರು. ತಂಗಿಯ ಹೊಸ ಬಟ್ಟೆಯ ಬೆನ್ನಿನ ಮೇಲೆ ಕಪ್ಪಗೆ ಒಂದು ಎಳೆ ಕೂತಿತ್ತು. ಓಡಿಹೋಗಿ ತೆಗೆಯಬೇಕೆಂದು ಅವಳ ಕೈ ತಾನಾಗಿ ಮುಂದೆ ಹೋಯಿತು. ಆಮೇಲೆ ಕಣ್ಣು ಆ ಕಡೆ ಈ ಕಡೆ ಆಡಿಸಿ ನೋಡಿದಳು. ಜೊತೆಯಲ್ಲೇ ಅದೂ ಆಡಿತು.